ಬೆಂಚು ಗುದ್ದಿಸುತ್ತಿದ್ದ ಸರೋಜಿನಿ ಟೀಚರ್

ಫೋನ್ ಇಟ್ಟ ಮೇಲೂ ಸುಳ್ಳೇ ಇರಬೇಕು ಅಂದುಕೊಂಡೆ...
ಇನ್ನೊಬ್ಬರಿಗೆ ಫೋನ್ ಮಾಡಿ ಕೇಳಿದೆ.
ಅವರೂ ಅದನ್ನೇ ಹೇಳಿದರು.

ನಮ್ಮ ಸರೋಜಿನಿ ಟೀಚರ್ ಇವತ್ತು ಬೆಳಗ್ಗೆ ಹೋಗಿಬಿಟ್ಟರು. ಹಾರ್ಟ್ ಅಟ್ಯಾಕ್.

ಗೊತ್ತಿಲ್ಲದವರಿಗೆ ಹೇಳುತ್ತೇನೆ...
ಸುಲ್ತಾನ್ ಬತ್ತೇರಿಯಲ್ಲಿ ನಾನು, ಇಲ್ಲಿಯವರ ಬಾಯಲ್ಲಿ ‘ಮಾಷ್’ ಅಂದರೆ ಮೇಷ್ಟ್ರು, ನಡೆಸುವ ಟ್ಯೂಷನ್ ಸೆಂಟರಿನಲ್ಲಿ ಒಂಬತ್ತು ವರ್ಷ ಇಂಗ್ಲಿಷ್ ಕಲಿಸಿದವರು.
ಮನೆಯಲ್ಲಿ ಕನ್ನಡ, ಸ್ಕೂಲಿನಲ್ಲಿ ಮಲಯಾಳಂ... ಅಂಥ ನಮ್ಮ ಮಕ್ಕಳ ಬಾಯಲ್ಲಿ ಇಂಗ್ಲಿಷ್ ಪದಗಳೆಲ್ಲ ಏರಿಳಿತವಿಲ್ಲದೆ ಒಂದೇ ಸಮ.
ಟೀಚರ್ ಪದವನ್ನು ತುಂಡು ಮಾಡುತ್ತಿದ್ದರು.
ಗುಡ್... ಲುಕ್... ಇಂಗ್.
ಹಗುರ ತುಂಡಿಗೆ ಬೆರಳು ತಟ್ಟಬೇಕು. ಭಾರದ ತುಂಡಿಗೆ ಬೆಂಚಿನ ಮೇಲೆ ಗುದ್ದು!
"ಗುಣ ಹೇಳೋಕೆ ಎರಡು ಪದ ಜೋಡಿ ಆದ್ರೆ ಭಾರ ಹೆಚ್ಚಾಗಿ ಎರಡನೇದರ ತಲೆ ಮೇಲೆ, ಮಕ್ಕಳೇ" ಅನ್ನುತ್ತಿದ್ದರು.
ಕೈಂಡ್-ಹಾರ್ಟೆಡ್.
‘ಹಾರ್’ ಬಂದಾಗ ಇಡೀ ಕಟ್ಟಡ ಅಲುಗುತ್ತಿತ್ತು.

ನಾಲ್ಕು ವರ್ಷದ ಹಿಂದೆ ಪೇರೆಂಟ್ಸ್ ಮೀಟಿಂಗ್. ಡೆಮೊ ಕ್ಲಾಸ್.
ನಾಲ್ಕು ಜನರೆದುರು ನಗಿಸುವ ಚಟ ನನಗೆ...
"ಟೀಚರೇ, ಇದು ಇಂಗ್ಲಿಷ್ ಕ್ಲಾಸಾ, ಚೆಂಡೆ ಕ್ಲಾಸಾ?"
ಎಲ್ಲರೂ ನಕ್ಕರು. ಅವರೂ ನಕ್ಕರು.
ಮಾರನೇ ದಿನದಿಂದ ಗುದ್ದು ಕೇಳಲಿಲ್ಲ.
ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಟೀಚರ್... ಯಾಕೆ ಅಂತ ನನಗೆ ಗೊತ್ತಿತ್ತು.
ಗೊತ್ತಿದ್ದೂ ಸುಮ್ಮನಿದ್ದೆ.
"ತಪ್ಪಾಯ್ತು, ಮತ್ತೆ ಶುರು ಮಾಡಿ" ಅನ್ನಲು ಎಷ್ಟು ಹೊತ್ತು ಬೇಕಿತ್ತು? ನಾನು ದೊಡ್ಡ ಮನುಷ್ಯ ನೋಡಿ...
ಹೋದ ವಾರ ನೀವೇ ಕರೆದಿರಿ.
"ಮಾಷೇ, ಒಂದಿನ ನನ್ನ ಕ್ಲಾಸಲ್ಲಿ ಬಂದು ಕೂರಿ."
ಪರೀಕ್ಷೆಯ ಗಲಾಟೆ ಮುಗಿಯಲಿ ಅಂದೆ.
"ಸಾರಮಿಲ್ಲ ಮಾಷೇ, ಪರವಾಗಿಲ್ಲ, ಮೆಲ್ಲ ಬನ್ನಿ" ಅಂದು ಬಸ್ ಹತ್ತಿದಿರಿ.
ಬರಲಿಲ್ಲ ನಾನು.

ಮಧ್ಯಾಹ್ನ ನಿಮ್ಮ ಮನೆಗೆ ಬಂದೆ.
ನಿಮ್ಮ ಹಳೇ ಸ್ಟೂಡೆಂಟ್ ರಮ್ಯಾ, ಈಗ ನರ್ಸಿಂಗ್ ಓದುತ್ತಿರುವವಳು, ಬಾಗಿಲ ಹತ್ತಿರ ನಿಂತಿದ್ದಳು.
ಗುದ್ದು ನಿಂತದ್ದು ನನ್ನಿಂದಲೇ ಅಂತ ಅವಳೆದುರು ಒಪ್ಪಿಕೊಂಡೆ. ಅವಳು ತಲೆ ಆಡಿಸಿದಳು.
"ನಿಲ್ಲಿಸ್ಲಿಲ್ಲ ಮಾಷೇ. ಬೆಂಚು ಬೇಡ, ತೊಡೆ ಮೇಲೆ ಗುದ್ದಿ ಅಂದ್ರು ಟೀಚರ್. ಮೆಲ್ಲ... ಪಕ್ಕದ ರೂಮಲ್ಲಿ ಮಾಷ್ ಇದ್ದಾರೆ ಅಂತ."

ನಾಲ್ಕು ವರ್ಷ...
ಒಂದೇ ಗೋಡೆಯ ಆಚೆ.

ಹೋಗಿ ಬನ್ನಿ ಟೀಚರ್. ನಿಮ್ಮ ಜೀವಕ್ಕೆ ನೆಮ್ಮದಿ ಸಿಗಲಿ.
ನನಗೆ ಅಷ್ಟು ಬೇಗ ಸಿಗುವುದು ಬೇಡ.