ಅತ್ತಿಗೆ ಆರಿಸಿಕೊಂಡ ಪಾಲು

ನಮ್ಮ ಬೀದಿಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಅತ್ತಿಗೆ ಎಂದೇ. ಅವಳ ಮೈದುನ ಬೆಳಗಿನಿಂದ ಸಂಜೆಯವರೆಗೆ "ಅತ್ತಿಗೇ, ಮರಿಗಳಿಗೆ ಹಾಲು! ಅತ್ತಿಗೇ, ಶೆಡ್ಡು ತೊಳೆದಾಯ್ತಾ?" ಎಂದು ಕೂಗಿ ಕೂಗಿ, ಅವಳಿಗಿಂತ ದೊಡ್ಡವಳಾದ ನನ್ನ ಬಾಯಿಗೂ ಅದೇ ಹತ್ತಿತು. ನಾನು ಎದುರು ಮನೆಯ ದರ್ಜಿ. ನನ್ನ ಹೊಲಿಗೆ ಯಂತ್ರದ ಮುಂದೆ ಕಿಟಕಿ, ಕಿಟಕಿಯ ಮುಂದೆ ಅವರ ಗೇಟು. ಆದ್ದರಿಂದ ನಾನು ಹೇಳುವುದರಲ್ಲಿ ಅರ್ಧ ಕಣ್ಣಾರೆ ಕಂಡದ್ದು, ಉಳಿದದ್ದು ಅವಳೇ ಹೇಳಿದ್ದು.

ಆ ಮನೆಯ ಮುಂಭಾಗದಲ್ಲಿ ನಾಯಿಗಳ ಆಹಾರದ ಅಂಗಡಿ, ಹಿಂದೆ ತಗಡು ಹೊದಿಸಿದ ಉದ್ದನೆಯ ಶೆಡ್ಡು. ಅತ್ತಿಗೆಯ ಗಂಡ ಇದ್ದಷ್ಟು ದಿನ ಒಂದೇ ಜಾತಿಯ ನಾಯಿ ಸಾಕಿದ. ಮರಿ ಕೊಡುವ ಮುಂಚೆ ಕೊಳ್ಳುವವರನ್ನು ಹೆಣ್ಣು ನೋಡಲು ಬಂದವರಿಗಿಂತ ಹೆಚ್ಚು ಪ್ರಶ್ನೆ ಕೇಳುತ್ತಿದ್ದ. ಅವನು ಎದೆನೋವಿನಿಂದ ಹೋದ ಮೇಲೆ ವ್ಯವಹಾರ ತಮ್ಮನ ಕೈಗೆ ಬಂತು. ತಮ್ಮನಿಗೆ ಒಂದು ಜಾತಿ ಸಾಲಲಿಲ್ಲ. ಕರಡಿ ಎಂಬ ದೊಡ್ಡ ಗೋಲ್ಡನ್ ರಿಟ್ರೀವರ್ ಗಂಡನ್ನು ತಂದ, ಮೊಣಕಾಲೆತ್ತರದ, ಗುಂಗುರು ಕೂದಲಿನ ಪೂಡಲ್ ಹೆಣ್ಣುಗಳನ್ನು ತಂದ, ಕೂಡಿಸಿದ. ಎರಡೂ ಹೆಸರನ್ನು ಅರ್ಧರ್ಧ ಕತ್ತರಿಸಿ ಅಂಟಿಸಿ ಹೊಸ ಜಾತಿ ಎಂದ. "ಕೂದಲು ಉದುರಲ್ಲ, ಬಾಚೋದೇ ಬೇಡ, ಮನೇಲಿ ಇನ್ನೊಂದು ಮಗು ಇದ್ದ ಹಾಗೆ" ಎಂದು ಗಿರಾಕಿಗಳ ಮೂಗಿಗೆ ತುಪ್ಪ ಸವರಿದ. ಬೀದಿಯವರು ಅವನಿಗೆ ಬೆರಕೆ ಸಾಹುಕಾರ ಎಂದು ಹೆಸರಿಟ್ಟರು. ಅವನು ಅದನ್ನು ಬಿರುದು ಎಂದುಕೊಂಡ.

ಬೆರಕೆ ತಪ್ಪಲ್ಲ. ನಾನೂ ಬೆರಕೆ ನೂಲಿನ ಬಟ್ಟೆ ಹೊಲಿಯುತ್ತೇನೆ. ಆದರೆ ಯಾವ ನೂಲು ನೀರಿಗೆ ಬಿದ್ದರೆ ಕುಗ್ಗುತ್ತದೆ ಎಂದು ನೋಡಿಕೊಂಡೇ ಕತ್ತರಿ ಹಾಕುತ್ತೇನೆ. ಈ ಮಹಾರಾಯ ಯಾವುದನ್ನೂ ನೋಡಲಿಲ್ಲ. ಕರಡಿಯ ಸೊಂಟ ನೋಡಲಿಲ್ಲ, ಹೆಣ್ಣುಗಳ ಕಣ್ಣು ನೋಡಲಿಲ್ಲ. ಒಂದೇ ಸೂಲಿನಲ್ಲಿ ಒಂದು ಮರಿಗೆ ಗುಂಗುರು ಕೂದಲು, ಇನ್ನೊಂದಕ್ಕೆ ನೇರ, ಮತ್ತೊಂದಕ್ಕೆ ಎರಡೂ. ಬಾಚಬೇಡಿ ಎಂದವನ ಮಾತು ನಂಬಿ ಬಾಚದೆ ಬಿಟ್ಟವರ ನಾಯಿಗಳ ಕೂದಲು ಕಂಬಳಿಯ ಹಾಗೆ ಗಟ್ಟಿಯಾಗಿ, ಒಳಗಿನ ಚರ್ಮ ಹುಣ್ಣಾಗುತ್ತಿತ್ತು. ವರ್ಷ ತುಂಬುವ ಮೊದಲೇ ಹಿಂಗಾಲು ಎಳೆಯುವ ನಾಯಿ, ಗೋಡೆಗೆ ಡಿಕ್ಕಿ ಹೊಡೆಯುವ ನಾಯಿ. ಗೇಟಿನಲ್ಲಿ ಜನ ಅಳುತ್ತಾ ನಿಂತರೆ ಮೈದುನ ಹಿಂಬಾಗಿಲಿನಿಂದ ಮಾಯ. ಬೈಗುಳ ತಿನ್ನುವವಳು ಅತ್ತಿಗೆ.

ಅವಳು ಅದನ್ನೆಲ್ಲ ಸಹಿಸಿದ್ದು ಹತ್ತಿಗೋಸ್ಕರ. ಹತ್ತಿ ಒಂದು ಬಿಳಿ ಪೂಡಲ್. ಅತ್ತಿಗೆ ಶೆಡ್ಡು ತೊಳೆಯುವಾಗ ಪೊರಕೆಯ ಹಿಂದೆಯೇ ಸುತ್ತುತ್ತಿತ್ತು. ಅವಳು ಕುಳಿತರೆ ಅವಳ ಪಾದದ ಮೇಲೆ ಕೂರುತ್ತಿತ್ತು, ನೆಲದ ಮೇಲೆ ಕೂರುವುದು ಅದಕ್ಕೆ ಅವಮಾನ. ಮೂರನೆಯ ಸೂಲಿನಲ್ಲಿ ಮರಿ ಅಡ್ಡ ಸಿಕ್ಕಿದಾಗ ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು: "ಇನ್ನು ಬೇಡ. ಇಷ್ಟು ದೊಡ್ಡ ಗಂಡಿನ ಮರಿಗಳನ್ನ ಇದರ ಸೊಂಟ ತಡೆಯಲ್ಲ." ಅತ್ತಿಗೆ ಮೈದುನನ ಕೈ ಹಿಡಿದು ಕೇಳಿಕೊಂಡಳು. "ಸರಿ ಅತ್ತಿಗೆ, ಬಿಡಿ" ಎಂದ. ಅವಳು ಆಪರೇಷನ್ ಆದ ತಂಗಿಯ ಆರೈಕೆಗೆಂದು ಹೋಗಿ ಬರುವಷ್ಟರಲ್ಲಿ ಹತ್ತಿಯನ್ನು ಕರಡಿಯ ಜೊತೆ ಕೂಡಿಹಾಕಿದ್ದ.

ಹೆರಿಗೆಯ ದಿನ ನಾನು ಆ ಶೆಡ್ಡಿನಲ್ಲಿದ್ದೆ, ಹಳೇ ಬಟ್ಟೆ ತಂದುಕೊಡಲು ಹೋದವಳು ಅಲ್ಲೇ ಉಳಿದೆ. ಮೊದಲ ಮರಿಯ ತಲೆಯೇ ಹೊರಗೆ ಬರಲಿಲ್ಲ. ಅತ್ತಿಗೆ ವ್ಯಾನಿನ ಕೀ ಕೇಳಿದಳು. ಮೈದುನ ಜೇಬಿನ ಮೇಲೆ ಕೈ ಇಟ್ಟುಕೊಂಡು, "ಸ್ವಲ್ಪ ತಡೀರಿ. ಆಸ್ಪತ್ರೆಗೆ ಹೋದ್ರೆ ಸೀದಾ ಹೊಟ್ಟೆ ಕೊಯ್ತಾರೆ, ಆಮೇಲೆ ಇದು ಯಾವ ಕೆಲಸಕ್ಕೂ ಬರಲ್ಲ" ಎಂದ. ಹತ್ತಿ ಕಿರುಚಲೂ ಇಲ್ಲ, ಅತ್ತಿಗೆಯ ಪಾದದ ಮೇಲೆ ಗಲ್ಲ ಊರಿಕೊಂಡು ಮಧ್ಯಾಹ್ನದ ಹೊತ್ತಿಗೆ ಸತ್ತಿತು. ಹೊಟ್ಟೆಯೊಳಗಿನ ಮರಿಗಳೂ ಸತ್ತವು. ಮೈದುನ ಬಾಗಿಲಲ್ಲಿ ನಿಂತು ನೋಡಿದ. "ಹೋಗ್ಲಿ ಬಿಡಿ ಅತ್ತಿಗೆ, ಇವಳ ಮಗಳು ಇದ್ದಾಳಲ್ಲ" ಎಂದ.

ಮಗಳು ಎಂದರೆ ಪುಟ್ಟಿ. ಹತ್ತಿಯ ಮೊದಲ ಸೂಲಿನ ಮರಿ, ತಾಯಿಯಷ್ಟೇ ಸಣ್ಣ ಸೊಂಟ. ಬರುವ ಸಲ ಬೆದೆಗೆ ಬಂದಾಗ ಪುಟ್ಟಿಯನ್ನು ಅದರ ಅಪ್ಪ ಕರಡಿಗೇ ಬಿಡುವುದು ಎಂದು ಮೈದುನ ಅಂದೇ ನಿಶ್ಚಯ ಮಾಡಿದ್ದ. ಅಪ್ಪನಿಗೆ ಮಗಳು! ನಾನಾಗಿದ್ದರೆ ಅಲ್ಲೇ ಬಕೆಟ್ಟು ಎತ್ತಿ ಅವನ ತಲೆಗೆ ಹಾಕುತ್ತಿದ್ದೆ. ಅತ್ತಿಗೆಯೋ, ಶೆಡ್ಡಿನ ಹಿಂದೆ ಗುಂಡಿ ತೋಡಿ, ಹತ್ತಿಯನ್ನು ಹೂತು, ಕೈ ತೊಳೆದು, ಮೈದುನನಿಗೆ ಊಟಕ್ಕೆ ಬಡಿಸಿದಳು. ನನಗೆ ಅವಳ ಮೇಲೆಯೇ ಸಿಟ್ಟು ಬಂದಿತ್ತು.

ಅದಾದ ಮೇಲೆ ಅವಳ ವರಸೆ ಬದಲಾಯಿತು. ನಾಯಿ ಎಂದರೆ ಮೂಗು ಮುಚ್ಚಿಕೊಳ್ಳತೊಡಗಿದಳು. ಹಾಲು ತರುವವನ ಹತ್ತಿರ, ಪಕ್ಕದ ಮನೆಯವರ ಹತ್ತಿರ, ನನ್ನ ಹತ್ತಿರ ಒಂದೇ ರಾಗ: "ಸಾಕಪ್ಪಾ ಈ ನಾಯಿ ಚಾಕರಿ. ವಾಸನೆಗೆ ಅನ್ನ ಸೇರಲ್ಲ. ಒಂದು ಒಳ್ಳೇ ಮನೆ, ಒಂದು ಅಂಗಡಿ ಸಿಕ್ಕಿದ್ರೆ ಕಾಲು ಚಾಚ್ಕೊಂಡು ಇರ್ತೀನಿ." ಬೀದಿಯೆಲ್ಲ ನಂಬಿತು. ನಾನೂ ನಂಬಿದೆ. ಆಮೇಲೆ ಒಂದು ದಿನ ಪಾಲು ಕೇಳಿದಳು.

ಪಾಲು ಮಾಡಿಸಲು ಬಂದವರು ಅವಳ ಅತ್ತೆಯ ತಮ್ಮ, ನಿವೃತ್ತ ಹೆಡ್‌ಮಾಸ್ಟರ್. ಸಾಕ್ಷಿಗೆ ನನ್ನನ್ನು ಕರೆದರು. ಗಾಲಿಕುರ್ಚಿಯಲ್ಲಿ ಅತ್ತೆಯೂ ಇದ್ದಳು. ಅವಳ ಕಾಲು ಬಿದ್ದು ಹೋಗಿದ್ದವು, ನಾಲಿಗೆ ಮಾತ್ರ ನನ್ನ ಕತ್ತರಿಗಿಂತ ಹರಿತ. ಹೆಡ್‌ಮಾಸ್ಟರು ಹೇಳಿದರು: "ಪಾಲು ಹಾಕೋನು ಒಬ್ಬ, ಆರಿಸೋರು ಇನ್ನೊಬ್ಬರು. ಹೀಗಾದ್ರೆ ಯಾರೂ ಯಾರ ಕಿವಿಗೂ ಹೂವಿಡೋಕೆ ಆಗಲ್ಲ. ನೀನು ಹಾಕಪ್ಪ, ಅವಳು ಆರಿಸ್ತಾಳೆ."

ಮೈದುನನಿಗೆ ಬೇಕಾದದ್ದು ನಾಯಿಗಳು. ನಾಯಿ ಕೈಯಲ್ಲಿದ್ದರೆ ಇಂಥ ಮನೆ ಇನ್ನೆರಡು ಕಟ್ಟಬಹುದು ಎಂಬುದು ಅವನ ಲೆಕ್ಕ. ಅದಕ್ಕೇ ಮನೆ, ಅಂಗಡಿ, ಅಂಗಡಿಯ ಸಾಮಾನು ಅಷ್ಟನ್ನೂ ಒಂದು ಪಾಲಿಗೆ ಹಾಕಿದ, ಅತ್ತಿಗೆ ಬಾಯಿ ಬಿಟ್ಟುಕೊಂಡು ಅದರ ಮೇಲೆ ಬೀಳಲಿ ಎಂದು. ಶೆಡ್ಡು, ಅದಕ್ಕೆ ಅಂಟಿದ ಕೋಣೆ, ತುಕ್ಕು ಹಿಡಿದ ವ್ಯಾನು ಮತ್ತು ನಾಯಿಗಳು ಇನ್ನೊಂದು ಪಾಲು. ಅತ್ತಿಗೆ ಆರಿಸುವ ಮುಂಚೆ ಸ್ವಲ್ಪ ಹೊತ್ತು ಶೆಡ್ಡಿನ ಕಡೆ ನೋಡಿದಳು. ಮೈದುನ ಅದನ್ನು ಕಂಡ. ಆ ಪಾಲು ಅವಳಿಗೆ ಇನ್ನಷ್ಟು ಭಾರವಾಗಿ ಕಾಣಲಿ ಎಂದು, "ಹಾಂ, ಅಮ್ಮನ ಜವಾಬ್ದಾರಿನೂ ನಾಯಿ ಪಾಲಿನ ಜೊತೆಗೇ" ಎಂದುಬಿಟ್ಟ. ಹೆತ್ತ ತಾಯಿಯನ್ನು, ಅವಳ ಎದುರಿಗೇ, ಹಳೇ ವ್ಯಾನಿನ ಪಕ್ಕಕ್ಕೆ ಸೇರಿಸಿದ. ಮುದುಕಿ ಮಗನನ್ನು ಒಮ್ಮೆ ನೋಡಿ, ಗಾಲಿಕುರ್ಚಿಯನ್ನು ಸೊಸೆಯ ಕಡೆಗೆ ತಿರುಗಿಸಿಕೊಂಡಳು. 

"ನಾಯಿ ಪಾಲು ನನಗೆ" ಎಂದಳು ಅತ್ತಿಗೆ.

"ಸರಿಯಾಗಿ ಕೇಳಿಸ್ಕೊಂಡ್ಯೇನಮ್ಮಾ?" ಎಂದರು ಹೆಡ್‌ಮಾಸ್ಟರು.

"ಕೇಳಿಸ್ಕೊಂಡೆ. ಕರಡಿ, ಪುಟ್ಟಿ, ಉಳಿದ ಹೆಣ್ಣುಗಳು, ವ್ಯಾನು, ಅತ್ತೆ. ಸಹಿ ಎಲ್ಲಿ ಹಾಕ್ಬೇಕು?"

ಮೈದುನನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಆದರೆ ಆಸೆ ಬಿಡಲಿಲ್ಲ. ಮರಿ ಹಾಕಿಸುವುದು ಅವಳಿಗೆ ಬಂದರೂ ಮಾರುವುದು ಎಲ್ಲಿ ಬರುತ್ತದೆ, ಕೊನೆಗೆ ತನ್ನ ಬಾಗಿಲಿಗೇ ಬರಬೇಕು ಎಂದು ಸಮಾಧಾನ ಮಾಡಿಕೊಂಡ. ಅವಳನ್ನು ಒಂದು ಮಾತೂ ಕೇಳದೆ ಪುಟ್ಟಿಯ ಮರಿಗಳಿಗೆ ಮುಂಗಡ ಬೇರೆ ತೆಗೆದುಕೊಂಡ. ಅತಿ ಆಸೆ ಗತಿ ಕೇಡು ಎಂದು ಅವನಿಗೆ ಯಾರು ಹೇಳಬೇಕು!

ಪಾಲಾದ ವಾರವೇ ಅತ್ತಿಗೆ ಮೆತ್ತನೆಯ ಹತ್ತಿ ಬಟ್ಟೆ ಹಿಡಿದು ನನ್ನ ಅಂಗಡಿಗೆ ಬಂದಳು. "ಹೊಟ್ಟೆ ಪೂರ್ತಿ ಮುಚ್ಚಬೇಕು, ಬೆನ್ನ ಮೇಲೆ ಕಟ್ಟೋಕೆ ಲಾಡಿ ಇರಬೇಕು. ಅಳತೆ ಹೇಳ್ತೀನಿ" ಎಂದಳು.

"ನಾಯಿಗೆ ಅಂಗೀನಾ? ಚಳೀನೇ ಇಲ್ವಲ್ಲೇ" ಎಂದೆ.

"ಹೆಣ್ಣುಗಳಿಗೆಲ್ಲ ಗರ್ಭಕೋಶ ತೆಗಿಸ್ತಿದ್ದೀನಿ. ಹೊಲಿಗೆ ನೆಕ್ಕಬಾರದು."

ಕತ್ತರಿ ಕೆಳಗಿಟ್ಟು ಅವಳ ಮುಖ ನೋಡಿದೆ. ಆಗ ಎಲ್ಲ ಹೇಳಿದಳು: ಮೂಗು ಮುಚ್ಚಿಕೊಂಡದ್ದು ಮೈದುನ ನಾಯಿಗಳನ್ನೆಲ್ಲ ಒಂದೇ ಪಾಲಿಗೆ ಹಾಕಲಿ ಎಂದು, ಪಾಲು ಕೇಳಿದ್ದು ಅವು ಅವನ ಕೈತಪ್ಪಲಿ ಎಂದು, ಊಟ ಬಡಿಸಿದ ದಿನ ಅನ್ನದ ಕೈಯಲ್ಲಿ ಏನು ಮಾಡಬೇಕೆನಿಸಿತ್ತು ಎಂಬುದನ್ನೂ. "ಕರಡಿಗೂ ಮಾಡಿಸ್ತೀಯಾ?" ಎಂದೆ.

"ಕರಡಿಗೇ ಮೊದಲು" ಎಂದಳು. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಆ ಅಂಗಿಗಳನ್ನು ಮದುವೆ ರವಿಕೆಗಿಂತ ಅಚ್ಚುಕಟ್ಟಾಗಿ ಹೊಲಿದೆ.

ಪುಟ್ಟಿಯ ಆಪರೇಷನ್ ಆಗಿ ಎರಡು ದಿನವಾಗಿತ್ತು. ಮೈದುನ ಮರಿ ಕೊಳ್ಳಲು ಬಂದ ಗಂಡ ಹೆಂಡತಿಯನ್ನು ಕರೆದುಕೊಂಡು, ತನ್ನದೇ ಎಂಬಂತೆ ಶೆಡ್ಡಿನ ಕಡೆ ಬಂದ. ನಾನು ಅಂಗಿಯ ಲಾಡಿ ಸರಿ ಮಾಡಲು ಅಲ್ಲೇ ಕುಳಿತಿದ್ದೆ. "ತಾಯಿನ ತೋರಿಸ್ತೀನಿ ಬನ್ನಿ, ಈ ಸಲ ಬೆಣ್ಣೆ ಬಣ್ಣದ ಮರಿಗಳೇ ಬರೋದು" ಎನ್ನುತ್ತಾ ಬಂದವನು ಅಂಗಳದಲ್ಲಿ ನಿಂತ. ಅಂಗಳದ ತುಂಬ ನಾಯಿಗಳು. ಎಲ್ಲ ಹೆಣ್ಣುಗಳ ಮೈಮೇಲೂ ಅಂಗಿ. ಕರಡಿ ಗಾಯ ನೆಕ್ಕದ ಹಾಗೆ ಕುತ್ತಿಗೆಗೆ ಪ್ಲಾಸ್ಟಿಕ್ ಲಾಳಿಕೆ ಹಾಕಿಸಿಕೊಂಡು ಬಿಸಿಲಿನಲ್ಲಿ ಬಿದ್ದುಕೊಂಡಿತ್ತು.

"ಇದೇನಿದು?" ಎಂದ.

ಅತ್ತಿಗೆ ಉತ್ತರ ಕೊಟ್ಟದ್ದು ಬಂದಿದ್ದ ಹೆಂಗಸಿಗೆ. "ಇವು ಯಾವುವೂ ಇನ್ನು ಮರಿ ಹಾಕಲ್ಲಮ್ಮ. ಈ ಪುಟ್ಟಿಯ ತಾಯಿ ಈ ಜಾಗದಲ್ಲೇ ಸತ್ತಳು, ಮರಿ ಹೊರಗೆ ಬರದೆ. ವ್ಯಾನಿನ ಕೀ ಇವರ ಜೇಬಿನಲ್ಲಿತ್ತು, ಕೊಡಲಿಲ್ಲ. ಇದಕ್ಕೆ ಗಂಡು ಅಂತ ಇವರು ನೋಡಿದ್ದು ಇದರ ಅಪ್ಪನ್ನ. ಮುಂಗಡ ಕೊಟ್ಟಿದ್ರೆ ವಾಪಸ್ ಕೇಳಿ."

ಆ ಹೆಂಗಸು ಗಂಡನನ್ನು ನೋಡಿದಳು, ಗಂಡ ಮೈದುನನನ್ನು ನೋಡಿದ. "ಸಂಜೆ ಅಂಗಡಿಗೆ ಬರ್ತೀವಿ, ದುಡ್ಡು ರೆಡಿ ಇಟ್ಟಿರಿ" ಎಂದು ಇಬ್ಬರೂ ಹೊರಟುಹೋದರು. ಮೈದುನ ಅತ್ತಿಗೆಯ ಮೇಲೆ ಹರಿಹಾಯ್ದ. "ನನ್ನ ತಳೀನೇ ನಿರ್ನಾಮ ಮಾಡಿದ್ರಲ್ಲ! ಮನೆ ಬಿಟ್ರಿ, ಅಂಗಡಿ ಬಿಟ್ರಿ... ಏನ್ ಬೇಕಿತ್ತು ನಿಮ್ಗೆ?"

"ನಿನ್ನ ಕೈಗೆ ಇನ್ನೊಂದು ಹೆಣ್ಣು ಸಿಗಬಾರದಿತ್ತು" ಎಂದಳು ಅತ್ತಿಗೆ. ದನಿ ಏರಲಿಲ್ಲ. "ಮತ್ತೆ ಎಲ್ಲಿಂದಾದ್ರೂ ನಾಯಿ ತಂದ್ಯೋ, ನಿನ್ನ ಅಂಗಡಿ ಮುಂದೇನೇ ನಿಂತು ಬಂದೋರಿಗೆಲ್ಲ ಹತ್ತಿ ಹೇಗೆ ಸತ್ತಳು ಅಂತ ಹೇಳ್ತೀನಿ. ನನಗೇನು, ಈಗ ಬೇರೆ ಕೆಲಸ ಇಲ್ಲ."

ಅವನು ಕೊನೆಗೆ ತಾಯಿಯ ಕಡೆ ತಿರುಗಿದ. ಮುದುಕಿ ಕೋಣೆಯ ಬಾಗಿಲಲ್ಲಿ ಗಾಲಿಕುರ್ಚಿಯಲ್ಲಿ ಕುಳಿತಿದ್ದಳು. "ಅಮ್ಮಾ, ನೀನಾದ್ರೂ ಹೇಳಮ್ಮ" ಎಂದ.

ಮುದುಕಿ ಹಣೆಗೆ ಕೈ ಅಡ್ಡ ಹಿಡಿದು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಯಾರಪ್ಪ ನೀನು? ಮರಿ ಬೇಕಿತ್ತಾ? ಇಲ್ಲಿ ಮಾರಲ್ಲ, ಹೋಗು" ಎಂದಳು.

ಅವನು ನಡೆದುಕೊಂಡು ಹೋದ ರೀತಿ ನೋಡಿ ಬೀದಿಯಲ್ಲಿ ಕೆಲವರಿಗೆ ಮರುಕ ಹುಟ್ಟಿತಂತೆ. ಗಂಡಸು ಬೆಳೆಸಿದ ತಳಿ, ವಂಶವನ್ನೇ ಅಳಿಸುವಷ್ಟು ನಿಷ್ಠುರ ಆಗಬಾರದಿತ್ತು ಎಂದರು. ವಂಶವಂತೆ! ನಾನು ಅವರನ್ನು ನನ್ನ ಅಂಗಡಿಯಿಂದ ಎಬ್ಬಿಸಿ ಕಳಿಸಿದೆ. ಪುಟ್ಟಿಯ ಹೊಲಿಗೆ ಬಿಚ್ಚಿಸಲು ಹೊರಟ ದಿನ ಅತ್ತಿಗೆಯನ್ನು ಗೇಟಿನಲ್ಲಿ ತಡೆದು, "ಈಗಲಾದ್ರೂ ಸಿಟ್ಟು ಇಳೀತೇನೇ?" ಎಂದು ಕೇಳಿದೆ.

"ಇಲ್ಲ" ಎಂದಳು. "ಇಳಿಯೋದೂ ಬೇಡ." ಪುಟ್ಟಿಯನ್ನು ಎತ್ತಿ ವ್ಯಾನಿನ ಮುಂದಿನ ಸೀಟಿನಲ್ಲಿ ಕೂರಿಸಿ, ಬಾಗಿಲು ಎರಡು ಸಲ ಎಳೆದು ಹಾಕಿ, ಆಸ್ಪತ್ರೆಗೆ ಹೊರಟಳು.