ಬಾಲದವರೆಗೂ ಒಂದೇ ಅಂಕಿ

ಆಗ ನನಗೆ ಅರವತ್ತಮೂರು. ಅದಾಗಿ ಆರು ವರ್ಷ ಆಯಿತು. ಕಾಪುವಿನಿಂದ ಉಡುಪಿಗೆ ಒಂದು ಬಸ್ಸು, ಅಲ್ಲಿಂದ ಮಣಿಪಾಲಕ್ಕೆ ಇನ್ನೊಂದು. ಅಲ್ಲಿ ಒಬ್ಬರು ಮೇಡಮ್ಮಿನ ಮನೆಯಲ್ಲಿ ಅಡುಗೆ, ಕಸ, ಬಟ್ಟೆ ನನ್ನದು. ಅದಕ್ಕಿಂತ ಮೊದಲು ಮೂವತ್ತು ವರ್ಷ ಮೀನು ಮಾರಿದವಳು ನಾನು. ಮಂಡಿ ಕೆಟ್ಟಿತು, ಬುಟ್ಟಿ ಬಿಟ್ಟೆ.

ಮೇಡಮ್ ವಿಜ್ಞಾನದವರು. ಕ್ವಾಂಟಮ್ ಅಂತೆ. ಕಣ್ಣಿಗೆ ಕಾಣದ ಕಣಗಳು ಒಂದರ ಹತ್ತಿರ ಒಂದು ಬಂದರೆ ಎಂತ ಆಗುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು. ಆ ಲೆಕ್ಕದ ಪ್ರೋಗ್ರಾಂ ಅವರೇ ಬರೆದದ್ದು. ಊಟ ಮಾಡುತ್ತಾ ನನ್ನ ಹತ್ತಿರ ಹೇಳುತ್ತಿದ್ದರು, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ಪ್ರೋಗ್ರಾಂ ಎಲ್ಲರಿಗೂ ಪುಕ್ಕಟೆ ಕೊಟ್ಟಿದ್ದೇನೆ ಅಕ್ಕ. ಯಾವ ಯಾವ ದೇಶದವರೋ ಬಳಸುತ್ತಾರೆ. ನಡೆಯುವಾಗ ಒಬ್ಬನೂ ಒಂದು ಸಾಲು ಬರೆಯುವುದಿಲ್ಲ. ಕೆಟ್ಟ ದಿನ ಮಾತ್ರ ಬೈಗುಳ ಬರುತ್ತದೆ."

"ಅಡುಗೆಯೂ ಹಾಗೇ ಅಲ್ವಾ? ಉಪ್ಪು ಸರಿ ಇದ್ದ ದಿನ ನೀವು ಎಂತ ಹೇಳಿದ್ದೀರಿ?"

ನಕ್ಕರು. ಮರುದಿನವೂ ಏನೂ ಹೇಳಲಿಲ್ಲ.

ಎರಡು ವರ್ಷ ಒಂದು ಲೇಖನದ ಹಿಂದೆ ಬಿದ್ದಿದ್ದರು. ಬರೆದು ಪತ್ರಿಕೆಗೆ ಕಳಿಸುವುದು, ಪತ್ರಿಕೆಯವರು ಯಾರೋ ತಿಳಿದವರಿಗೆ ಓದಲು ಕೊಡುವುದು. ಅವರು ಎಂಟು ತಿಂಗಳು ಇಟ್ಟುಕೊಂಡು, ತಮ್ಮದೇ ಮೂರು ಹಳೆಯ ಲೇಖನಗಳ ಹೆಸರು ಸೇರಿಸು ಎಂದು ಹಿಂದೆ ಕಳಿಸಿದರಂತೆ. ಮೇಡಮ್ ಸೇರಿಸಿದರು. ಮತ್ತೆ ಕಾದರು. ಕಡೆಗೆ ಒಪ್ಪಿಗೆ ಬಂತು. ಆ ತಿಂಗಳೇ ಪ್ರೊಫೆಸರ್ ಹುದ್ದೆಗೆ ಸಂದರ್ಶನ ಇತ್ತು, ಈ ಲೇಖನ ಇದ್ದರೆ ಸಿಗುತ್ತದೆ, ಇಲ್ಲದಿದ್ದರೆ ಇಲ್ಲ. ಅವರಿಗೆ ಐವತ್ತೈದು ದಾಟಿತ್ತು. ಇನ್ನೊಂದು ಸಲ ಕರೆಯುತ್ತಾರೆ ಎಂಬ ನಂಬಿಕೆ ಅವರಿಗೆ ಇರಲಿಲ್ಲ.

ಅಚ್ಚಿಗೆ ಹೋಗುವ ಮೊದಲು ಪತ್ರಿಕೆಯವರು ಪುಟಗಳನ್ನು ಕಳಿಸಿದರು. ಎರಡು ದಿನದಲ್ಲಿ ತಪ್ಪು ನೋಡಿ ಹೇಳಬೇಕು. ಮೇಡಮ್ಮಿಗೆ ಕಣ್ಣು ಸೋತಿತ್ತು. ನನ್ನ ಶಾಲೆ ಮೂರನೇ ಕ್ಲಾಸಿಗೆ ನಿಂತದ್ದು, ಆದರೆ ಅಂಕಿ ಚೆನ್ನಾಗಿ ಬರುತ್ತದೆ. ಆದ್ದರಿಂದ ನಾನು ಕಾಗದದಿಂದ ಒಂದೊಂದೇ ಅಂಕಿ ಗಟ್ಟಿಯಾಗಿ ಓದುವುದು, ಅವರು ಪರದೆಯಲ್ಲಿ ನೋಡಿ "ಹೂಂ" ಎನ್ನುವುದು. ಲೇಖನದ ಒಳಗೆ ಎಲ್ಲ ಸಂಖ್ಯೆಗೂ ಮೂರು ಮೂರೇ ಅಂಕಿ. ಕೊನೆಯಲ್ಲಿ ಎರಡು ದೊಡ್ಡ ಪಟ್ಟಿ, ಒಂದೊಂದು ಸಾಲಿಗೆ ಹನ್ನೆರಡು ಅಂಕಿ. ಒಂದೇ ಸಂಗತಿಯನ್ನು ಎರಡು ಬೇರೆ ದಾರಿಯಲ್ಲಿ ಲೆಕ್ಕ ಮಾಡಿದ್ದು, ಎರಡೂ ಹೊಂದಿದರೆ ಲೋಕ ನಂಬುತ್ತದೆ ಎಂದಿದ್ದರು.

ಎರಡನೇ ಪಟ್ಟಿಯಲ್ಲಿ ಐದಾರು ಸಾಲು ಹೋದ ಮೇಲೆ ನಾನು ನಿಲ್ಲಿಸಿದೆ. "ಇದನ್ನು ಆಗಲೇ ಓದಿ ಆಯಿತಲ್ಲ?"

"ಇಲ್ಲ, ಇದು ಎರಡನೆಯದು."

"ಬಾಲದವರೆಗೂ ಅದೇ ಉಂಟು."

"ಹೊಂದಬೇಕಲ್ಲ ಅಕ್ಕ. ಅದಕ್ಕೇ ಎರಡು ಸಲ ಮಾಡಿದ್ದು."

ನಾನು ಎರಡು ಕಾಗದವನ್ನೂ ಪಕ್ಕದಲ್ಲಿ ಇಟ್ಟೆ. "ಏಲಂ ಕೂಗುವ ಮೊದಲು ಬುಟ್ಟಿಯಲ್ಲಿ ಎಷ್ಟು ಬಂಗುಡೆ ಉಂಟು ಎಂದು ನಾನೂ ನಾದಿನಿಯೂ ಬೇರೆ ಬೇರೆ ಅಂದಾಜು ಮಾಡುತ್ತಿದ್ದೆವು. ಹತ್ತಿರ ಬರುತ್ತಿತ್ತು. ಇಬ್ಬರದ್ದೂ ಸರಿಯಾಗಿ ಒಂದೇ ಬಂದರೆ, ಅವಳು ನೋಡಲೇ ಇಲ್ಲ, ನನ್ನದನ್ನು ಕೇಳಿ ಹೇಳಿದಳು ಎಂದು ಅರ್ಥ."

ಅವರು ಪ್ರೋಗ್ರಾಂ ತೆರೆದು ಮೇಲಿನಿಂದ ಕೆಳಗೆ ನೋಡುತ್ತಾ ಹೋದರು. ನಾನು ಅನ್ನ ಬಸಿದು ಬಂದಾಗ ಹಣೆಗೆ ಕೈ ಇಟ್ಟು ಕೂತಿದ್ದರು. ಯಾವತ್ತೋ ಸುಸ್ತಾದ ದಿನ, ಸಮಯ ಉಳಿಯಲಿ ಎಂದು ಅವರೇ ಒಂದು ಸಾಲು ಸೇರಿಸಿದ್ದರಂತೆ: ಉತ್ತರ ಮೊದಲೇ ಇದ್ದರೆ ಅದನ್ನೇ ಎತ್ತಿಕೊ. ತೆಗೆಯಲು ಮರೆತಿದ್ದರು. ಎರಡನೇ ಲೆಕ್ಕ ಆಗಿಯೇ ಇರಲಿಲ್ಲ.

ಮಧ್ಯಾಹ್ನ ಅವರ ಜೊತೆ ಲೇಖನ ಬರೆದ ಸರ್ ಕಾರ್ಕಳದಿಂದ ಬಂದರು. ಸಂಗತಿ ಕೇಳಿ ಚೇರು ಎಳೆದು ಕೂತರು.

"ಮೊದಲನೇ ಉತ್ತರ ಸರಿಯೇ ಇರುತ್ತದೆ ಮಾರಾಯ್ರೇ. ಈಗ ಕಳಿಸುವ, ಆಮೇಲೆ ತಿದ್ದುಪಡಿ ಹಾಕುವ. ಆ ಪಟ್ಟಿಯನ್ನು ಯಾರು ಓದುತ್ತಾರೆ?"

"ಅಕ್ಕ ಓದಿದರು."

ಸರ್ ನನ್ನ ಕಡೆ ತಿರುಗಿದರು. "ನಿಮಗೆ ಮೀನಿನ ಲೆಕ್ಕ ಬರುತ್ತದೆ ಅಂತ ಇದಕ್ಕೂ ಬಾಯಿ ಹಾಕುವುದಾ?"

"ಓದಲು ಕೂರಿಸಿದ್ದು ಯಾರು? ನಾನೇ ಬಂದು ಕೂತದ್ದಾ?"

"ಮತ್ತೆ ಲೆಕ್ಕ ಮಾಡಲು ಎಷ್ಟು ದಿನ?" ಎಂದು ಮೇಡಮ್ಮನ್ನು ಕೇಳಿದರು.

"ಮೂರು ತಿಂಗಳು. ಸಂದರ್ಶನ ಮುಗಿದಿರುತ್ತದೆ."

"ಗೊತ್ತಿದ್ದೂ ಲೇಖನ ಹಿಂದೆ ತೆಗೆಯುತ್ತೀರಾ?"

"ಆ ಸಾಲು ಬೇರೆಯವರ ಹತ್ತಿರವೂ ಉಂಟು. ನನ್ನ ಪ್ರೋಗ್ರಾಂ ನಂಬಿ ಅವರೂ ಹೊಂದಿತು ಎಂದು ಖುಷಿಯಲ್ಲಿದ್ದಾರೆ. ಅವರಿಗೆಲ್ಲ ಬರೆಯಬೇಕು."

"ಬೆಳಿಗ್ಗೆಯವರೆಗೆ ಯೋಚನೆ ಮಾಡಿ" ಎಂದು ಸರ್ ಹೊರಟರು. ಕೊಟ್ಟ ಚಹಾ ಹಾಗೇ ಇತ್ತು.

ಅವರ ಕಾರು ಗೇಟು ದಾಟಿದ ಮೇಲೆ, ಲೇಖನ ಹಿಂದೆ ತೆಗೆಯುತ್ತೇನೆ ಎಂದು ಮೇಡಮ್ ಪತ್ರಿಕೆಗೆ ಬರೆದು ಕಳಿಸಿದರು. ನಾಲ್ಕೇ ಸಾಲು. ಅಳಲಿಲ್ಲ. "ಈ ಕೆಲಸಕ್ಕೆ ಇಪ್ಪತ್ತೆಂಟು ವರ್ಷ ಆಯಿತು ಅಕ್ಕ. ಸಾಕಾಗಿದೆ" ಎಂದರು. ಸಮಾಧಾನ ಹೇಳಲು ನನಗೆ ಬರುವುದಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಹೊರಟೆ. ಬಾಯಿ ಮುಚ್ಚಿದ್ದರೆ ಅವರು ಪ್ರೊಫೆಸರ್ ಆಗುತ್ತಿದ್ದರು ಎಂದು ಬಸ್ಸಿನಲ್ಲಿ ಅನಿಸಿತು. ಅನಿಸಿದ್ದು ಸುಳ್ಳಲ್ಲ, ಅವರು ಪ್ರೊಫೆಸರ್ ಆಗಲೇ ಇಲ್ಲ.

ಮರುದಿನ ಬೆಳಿಗ್ಗೆ ನಾನು ಹೋದಾಗ ಅವರು ಇನ್ನೂ ಮಲಗಿದ್ದರು. ಫೋನ್ ಬಡಿದುಕೊಳ್ಳುತ್ತಿತ್ತು. ನಾನೇ ಎತ್ತಿದೆ. ಸರ್.

"ಕಳಿಸಿದರಾ?"

"ಹಿಂದೆ ತೆಗೆಯುವ ಪತ್ರ ನಿನ್ನೆಯೇ ಕಳಿಸಿ ಆಯಿತು. ಈಗ ಮಲಗಿದ್ದಾರೆ, ಎಬ್ಬಿಸುವುದಿಲ್ಲ."

ನಾನು ಫೋನ್ ಇಟ್ಟೆ. ಕಂಪ್ಯೂಟರ್ ನಿಲ್ಲಿಸಿದ್ದರು. ಲೆಕ್ಕ ಓಡುತ್ತಿರುವಾಗ ಅದರ ಹಿಂದೆ ಗುಡಿಸಲು ಬಿಡುತ್ತಿರಲಿಲ್ಲ. ಮೇಜನ್ನು ಮುಂದಕ್ಕೆ ಎಳೆದು, ಹಿಂದಿನ ಗೋಡೆಯವರೆಗೂ ಗುಡಿಸಿದೆ. ಎರಡು ಮೊರ ಧೂಳು ಸಿಕ್ಕಿತು.