ಹೆಜ್ಜೆ ಮೇಷ್ಟ್ರ ಕೈಪಟ್ಟಿ

ಪಾರ್ಕಿನ ಮಾಲಿಗೆ ಕಳೆಗಿಂತ ದೊಡ್ಡ ಕಾಟವೆಂದರೆ ಹೆಜ್ಜೆ ಮೇಷ್ಟ್ರು. ಬೆಳಗಿನ ವಾಕಿಂಗಿಗೆ ಈ ನಿವೃತ್ತ ಗಣಿತದ ಮೇಷ್ಟ್ರು ಹೆಜ್ಜೆ ಎಣಿಸುವ ಕೈಪಟ್ಟಿ ಕಟ್ಟಿಕೊಂಡೇ ಬರುತ್ತಾರೆ. ಅದರ ಲೆಕ್ಕ, ಹತ್ತು ವರ್ಷದಿಂದ ಮಾತು ಬಿಟ್ಟಿದ್ದೇನೆಂದು ಅವರೇ ಹೇಳಿಕೊಳ್ಳುವ ಅಣ್ಣನ ಫೋನಿಗೆ ದಿನವೂ ಹೋಗುತ್ತದೆ. ಅಣ್ಣನ ಲೆಕ್ಕ ಇವರಿಗೆ ಬರುತ್ತದೆ. ಅವನಿಗಿಂತ ನೂರು ಹೆಜ್ಜೆಯಾದರೂ ಹೆಚ್ಚಿರಬೇಕೆಂಬ ಹಟ ಇವರದು. ಅಂಥ ಪಟ್ಟಿಯನ್ನು ವಾರಕ್ಕೊಮ್ಮೆ ಕಳೆದುಕೊಳ್ಳುತ್ತಾರೆ. ಆಗ ಮಾಲಿ ನೀರಿನ ಪೈಪು ಬಿಸಾಡಿ ಪೊದೆಪೊದೆಗೂ ತಲೆ ತೂರಿಸಬೇಕು, ಮೇಷ್ಟ್ರು ಬೆಂಚಿನ ಮೇಲೆ ಕೂತು, "ನಿಧಾನ ಕಣಯ್ಯ, ತುಳಿದುಗಿಳಿದೀಯ!" ಎಂದು ಪಾಠ ಮಾಡುತ್ತಾರೆ. "ಕೊರಳಿಗೆ ಕಟ್ಕೊಳ್ಳಿ ಸಾರ್" ಎಂದರೆ, "ನಾನೇನು ಎಮ್ಮೆನಾ?" ಎಂದು ರೇಗುತ್ತಾರೆ. "ನನ್ನ ಹೆಜ್ಜೆ ಯಾರು ಎಣಿಸ್ತಾರೋ" ಎಂದು ಗೊಣಗುತ್ತ ಇವತ್ತೂ ಬೆಂಚಿನಡಿ ಬಗ್ಗಿದ ಮಾಲಿಗೆ, ಮೇಷ್ಟ್ರ ಕಾಲುಚೀಲದೊಳಗೆ ಆಫ್ ಮಾಡಿ ಬಚ್ಚಿಟ್ಟ ಕೈಪಟ್ಟಿ ಕಂಡಿತು. ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಮೇಷ್ಟ್ರ ಫೋನು ಹೊಡೆದುಕೊಂಡಿತು, ಎತ್ತಿದ್ದೇ ಒಂದು ಮುದಿ ಗಂಟಲು ಪಾರ್ಕಿಗೆಲ್ಲ ಕೇಳುವಂತೆ ಕಿರುಚಿತು: "ಗಂಟೆ ಎಂಟಾಯ್ತು, ಇನ್ನೂ ಲೆಕ್ಕ ಬಂದಿಲ್ಲ! ಬದುಕಿದ್ದೀಯೇನೋ?" ಮೇಷ್ಟ್ರು ತಟ್ಟನೆ ಎದ್ದು ನಿಂತರು. "ಇದ್ದೀನಿ ಕಣಣ್ಣಾ. ಪಟ್ಟಿ ಮತ್ತೆ ಕಳೆದೋಯ್ತು. ಮಾಲಿ ಹುಡುಕ್ತಿದ್ದಾನೆ." ಮಾಲಿ ಬೈಗುಳ ನುಂಗಿಕೊಂಡು, ಇನ್ನೊಂದು ಪೊದೆಗೆ ತಲೆ ತೂರಿಸಿದ.